ಹೆಡ್‌ಲೈಟ್ ಒಳಗಿನ ನೀರು: ಬಿಸಿಲು, ಹೇರ್ ಡ್ರೈಯರ್, ಸಿಲಿಕಾ ಜೆಲ್

ಮೊದಲೇ ಹೇಳಿಬಿಡ್ತೀನಿ, ಕಾರಿನ ಹೆಡ್‌ಲೈಟ್ ಒಳಗೆ ಸೇರಿದ ನೀರು ಒಣಗಿಸೋಕೆ ನನ್ನ ಓಟು ಸಿಲಿಕಾ ಜೆಲ್ ಪೊಟ್ಟಣಕ್ಕೆ, ಅಂದರೆ ತೇವ ಹೀರುವ ಹರಳುಗಳ ಪೊಟ್ಟಣಕ್ಕೆ. ಜೊತೆಗೆ ಬಲ್ಬ್ ಹಿಂದಿನ ರಬ್ಬರ್ ಕ್ಯಾಪ್ ಹೊಸದಾಗಬೇಕು. ಎರಡೂ ಸೇರಿ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯಿತು. ಗ್ಯಾರೇಜಿನಲ್ಲಿ ಇಡೀ ಹೆಡ್‌ಲೈಟೇ ಬದಲಾಯಿಸಿ ಅಂದಿದ್ದರು, ಅದು ಸಾವಿರಗಟ್ಟಲೆ ಲೆಕ್ಕ.

ನಾವಿರೋದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಕಾರು ಹಳೆಯದು, ಎಚ್4 ಹ್ಯಾಲೊಜನ್ ಬಲ್ಬಿನದು, ಶೆಡ್ಡಿಲ್ಲದೆ ಅಂಗಳದಲ್ಲೇ ನೆನೆಯುತ್ತದೆ. ಮಳೆಗಾಲದ ಬೆಳಿಗ್ಗೆ ಗಾಜಿನ ಒಳಗೆ ತೆಳ್ಳಗೆ ಮಂಜು ಕೂತಿದ್ದು, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಹೆಡ್‌ಲೈಟಿಗೆ ಉಸಿರಾಡೋಕೆ ಸಣ್ಣ ದಾರಿ ಬಿಟ್ಟೇ ಇರುತ್ತಾರೆ. ಬಲ್ಬ್ ಉರಿದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಆರಿಸಿದ ಮೇಲೆ ತಣ್ಣಗಾಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಗಾಳಿಯ ತೇವವೇ ಈ ಮಂಜು. ಆದರೆ ದಪ್ಪ ಹನಿ ಇಳಿಯುತ್ತಿದ್ದರೆ, ಕೆಳಗೆ ನೀರು ನಿಂತಿದ್ದರೆ, ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ನಮ್ಮದು ಹಾಗೇ ಆಗಿತ್ತು.

ಬಿಸಿಲು ಪುಕ್ಕಟೆ. ಬಲ್ಬ್ ತೆಗೆದು, ಬಾನೆಟ್ ಎತ್ತಿ, ಒಳ್ಳೆ ಬಿಸಿಲಲ್ಲಿ ನಿಲ್ಲಿಸಿದರೆ ತಾನೇ ಒಣಗುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆ ಇದಕ್ಕಿಂತ ಸುಲಭದ್ದು ಬೇಕಾಗಿಲ್ಲ. ಮಲೆನಾಡಿನ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರೋದು?

ಹೇರ್ ಡ್ರೈಯರ್ ನೋಡೋಕೆ ಚೆನ್ನ. ಬಲ್ಬಿನ ತೂತಿನಿಂದ ಬಿಸಿಗಾಳಿ ಬಿಟ್ಟರೆ ಕಣ್ಣೆದುರೇ ಹನಿ ಮಾಯ. ಆದರೆ ಬೆಳಿಗ್ಗೆ ಮತ್ತೆ ಹಾಜರು. ಒಳಗೆ ಹೋದ ಗಾಳಿ ಹೊರಬರೋಕೂ ಅದೇ ತೂತು, ಹಾಗಾಗಿ ಆವಿಯಾದ ನೀರಿನಲ್ಲಿ ಬಹುಪಾಲು ಅಲ್ಲೇ ಸುತ್ತಿ ಇನ್ನೊಂದು ಮೂಲೆಯಲ್ಲಿ ಕೂರುತ್ತದೆ. ಮೇಲಾಗಿ ಹೊರಗಡೆಯೂ ತೇವದ ಗಾಳಿಯೇ. ತೀರಾ ಹತ್ತಿರ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಸೊಟ್ಟಗಾಗುವ ಭಯ ಬೇರೆ.

ಅಡಿಯಲ್ಲಿ ಡ್ರಿಲ್ ಹಾಕಿ ತೂತು ಮಾಡಿಸುವುದು ಬೇಡವೇ ಬೇಡ. ನೀರು ಇಳಿಯುತ್ತದೆ ನಿಜ, ಧೂಳು, ಹುಳ ಎಲ್ಲ ಒಳಗೆ ಸೇರುತ್ತವೆ.

ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ನೀರನ್ನೇ ಹೀರಬಲ್ಲದು. ಶೂ ಡಬ್ಬದಲ್ಲಿ ಬರುವ ಚೋಟುದ್ದದ ಪೊಟ್ಟಣ ಸಾಲದು, ಅದು ನಮ್ಮ ಹವೆಯಲ್ಲಿ ಆಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಸೀಲ್ ಆಗಿರುವ ಹತ್ತು ಗ್ರಾಂ ಪೊಟ್ಟಣಗಳನ್ನು ತರಿಸಿ, ದಾರ ಕಟ್ಟಿ, ಬಲ್ಬ್ ತೆಗೆದ ಜಾಗದಿಂದ ಒಳಗೆ ಇಳಿಬಿಟ್ಟೆ. ದಾರದ ತುದಿ ಹೊರಗಿರಲಿ. ತೂತಿಗೆ ಪ್ಲಾಸ್ಟಿಕ್ ಹಾಳೆ, ಟೇಪು. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಗಾಜು ಎಷ್ಟೋ ಸ್ವಚ್ಛ, ಹನಿ ಉಳಿದಿದ್ದರೆ ಹೊಸ ಪೊಟ್ಟಣ. ಪೊಟ್ಟಣ ತೆಗೆಯದೆ ಬಲ್ಬ್ ಹಾಕುವ ಹಾಗಿಲ್ಲ, ಅಂದರೆ ಆ ರಾತ್ರಿ ಕಾರು ಹೊರಗೆ ತೆಗೆಯುವ ಹಾಗಿಲ್ಲ. ಒಳಗಿನ ಹೊಳೆಯುವ ಭಾಗಕ್ಕೆ ಮಾತ್ರ ಬಟ್ಟೆ ತಾಗಿಸಬೇಡಿ, ಮೇಲಿನ ಅಲ್ಯೂಮಿನಿಯಂ ಲೇಪ ತುಂಬಾ ತೆಳು, ಒರೆಸಿದರೆ ಎದ್ದು ಬರುತ್ತದೆ.

ಇಷ್ಟೂ ಸಲೀಸು. ಜೀವ ತಿಂದಿದ್ದು ರಬ್ಬರ್ ಕ್ಯಾಪ್.

ನೀರು ಬರುತ್ತಿದ್ದದ್ದೂ ಅಲ್ಲಿಂದಲೇ. ಹಿಂದೆ ಬಲ್ಬ್ ಬದಲಾಯಿಸಿದವರು ಅದನ್ನು ಸರಿಯಾಗಿ ಕೂರಿಸಿರಲಿಲ್ಲ, ಕೆಳಗಿನ ಅಂಚು ಒಳಕ್ಕೆ ಮಡಚಿಕೊಂಡು ಹಾಗೇ ಗಟ್ಟಿಯಾಗಿತ್ತು. ಹೊಸದು ತಂದರೆ ಅದು ಕೂರಲೊಲ್ಲದು. ಬ್ಯಾಟರಿ ಇರುವ ಕಡೆ ಕೈ ಹೋಗೋಕೆ ನಾಲ್ಕು ಬೆರಳಿನಷ್ಟು ಜಾಗ, ಕಣ್ಣಿಗೆ ಏನೂ ಕಾಣದು. ಒಳಗಿನ ಅಂಚು ಬಲ್ಬಿನ ಬುಡವನ್ನು ಬಿಗಿಯಾಗಿ ಹಿಡಿಯಬೇಕು, ಹೊರಗಿನ ಅಂಚು ಹೆಡ್‌ಲೈಟಿನ ಬಾಯಿಯ ಸುತ್ತ ಕೂರಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಪುಟಿದು ಮೇಲೆ ಬರುತ್ತದೆ. ಎಲ್ಲ ಸರಿಯಾಯಿತು ಅಂತ ಬೆರಳು ಆಡಿಸಿದರೆ ಅಡಿಯಲ್ಲಿ ಅದೇ ಮಡಿಕೆ!

ಕೊನೆಗೆ ಕ್ಯಾಪನ್ನು ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಮೆತ್ತಗಿರುವಾಗಲೇ ಹಾಕಿದೆ. ಅದರ ಮೇಲೆ ‘ಟಾಪ್’ ಅಂತ ಅಚ್ಚಾಗಿತ್ತು, ಆ ಕಡೆ ಮೇಲಿರಬೇಕು. ಆಮೇಲೆ ಮೊಬೈಲ್ ಟಾರ್ಚ್ ಹಾಕಿ, ಕೈ ಹೋಗದ ಸಂದಿಗೆ ಇಳಿಸಿ ವಿಡಿಯೊ ಮಾಡಿ ನೋಡಿದೆ, ಸುತ್ತ ಎಲ್ಲೂ ಮಡಿಕೆ ಇಲ್ಲ. ಬಲ್ಬಿನ ಗಾಜಿಗೆ ಬೆರಳು ತಾಗಬಾರದು, ಎಣ್ಣೆಯಂಶ ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಗಾಜಿನ ಅಂಚಿನ ಗಮ್ಮೇ ಬಿಟ್ಟಿದ್ದರೆ, ಗಾಜು ಸೀಳಿದ್ದರೆ ಪೊಟ್ಟಣ ಏನೂ ಮಾಡಲಾರದು, ಆಗ ದುಡ್ಡು ಬಿಚ್ಚಲೇಬೇಕು. ವಾರಂಟಿ ಇರುವ ಎಲ್‌ಇಡಿ ಹೆಡ್‌ಲೈಟ್ ಆದರೆ ನೀವೇ ಬಿಚ್ಚದೆ ಶೋರೂಮಿಗೆ ಒಯ್ಯಿರಿ. ನನ್ನ ಹಾಗೆ ಹಳೆ ಕಾರು, ರಾತ್ರಿ ಓಡಾಟ ಕಡಿಮೆ, ಸ್ವಂತ ಕೈಯಿಂದ ಮಾಡೋ ಅಭ್ಯಾಸ ಇರುವವರು ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ರಬ್ಬರ್ ಕ್ಯಾಪ್ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಎರಡೂ ಕಡೆಯದನ್ನು ಒಟ್ಟಿಗೇ ಬದಲಾಯಿಸಿ.