ಬೈಕಿನ ಮುಂದಿನಿಂದ ‘ಕಟಕ್’ ಸದ್ದು: ಟೇಪರ್ ಕೋನ್ ಸೆಟ್ ಹಾಕಿಸಬೇಕಾ?

ಹಂಪ್ ಇಳಿಯುವಾಗ, ಇಲ್ಲವೇ ಮುಂದಿನ ಬ್ರೇಕ್ ಒತ್ತಿದಾಗ ಹ್ಯಾಂಡಲ್ ಬುಡದಲ್ಲಿ ‘ಕಟಕ್’ ಅಂದರೆ ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಕೋನ್ ಸೆಟ್ ಹೋಗಿದೆ’ (ಹ್ಯಾಂಡಲ್ ತಿರುಗಲು ಅದರ ಬುಡದಲ್ಲಿ ಮೇಲೊಂದು ಕೆಳಗೊಂದು ಇರುವ ಬೇರಿಂಗ್ ಜೋಡಿ). ಅದರ ಬೆನ್ನಿಗೇ ‘ಬಾಲ್ ಬೇಡ, ಟೇಪರ್ ಹಾಕ್ಸಿ’ ಎಂಬ ಸಲಹೆಯೂ ಬರುತ್ತದೆ. ಗುಂಡುಗಳ ಬದಲು ಒಂದು ತುದಿಗೆ ಸಪೂರವಾದ ರೋಲರ್‌ಗಳಿರುವ ಟೇಪರ್ ರೋಲರ್ ಕೋನ್ ಸೆಟ್ ಒಳ್ಳೆಯ ಸಾಮಾನೇ. ಆದರೆ ಸದ್ದು ಬೇರೆ ಕಡೆಯಿಂದ ಬರುತ್ತಿದ್ದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಪರೀಕ್ಷೆ. ಬೈಕನ್ನು ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟು ಮುಂದಿನ ಚಕ್ರ ಎತ್ತಿ. ಒಬ್ಬರು ಎರಡೂ ಫೋರ್ಕ್‌ಗಳ ತಳ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಲಿ, ಇನ್ನೊಬ್ಬರು ಚಾಸಿ ಮತ್ತು ಕೆಳಗಿನ ‘ಟಿ’ (ಎರಡೂ ಫೋರ್ಕ್‌ಗಳನ್ನು ಹಿಡಿದಿರುವ ಭಾಗ) ಸೇರುವಲ್ಲಿ ಬೆರಳಿಡಲಿ. ಅಲ್ಲಿ ಆಟ, ಅಂದರೆ ಸಡಿಲ ಅಲುಗಾಟ, ಸಿಕ್ಕಿದರೆ ಕೋನ್ ಸೆಟ್. ‘ಟಿ’ ಗಟ್ಟಿಯಾಗಿದ್ದು ಫೋರ್ಕ್‌ನ ಒಳ ಹೊರ ಕೊಳವೆಗಳ ನಡುವೆ ಆಟ ಇದ್ದರೆ ಅವುಗಳ ನಡುವಿನ ಬಳೆ, ಅಂದರೆ ಫೋರ್ಕ್ ಬುಶ್, ಸವೆದಿದೆ. ಕೋನ್ ಬದಲಿಸಿ ಪ್ರಯೋಜನವಿಲ್ಲ.

ಒರಟು ರಸ್ತೆಯಲ್ಲಿ ನಿಧಾನ ಹೋಗುತ್ತಾ ಮುಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ ನೋಡಿ. ಸದ್ದು ನಿಂತರೆ ಅನುಮಾನ ಬ್ರೇಕ್ ಪ್ಯಾಡ್ ಮತ್ತು ಅವನ್ನು ಹಿಡಿದಿರುವ ಕ್ಯಾಲಿಪರ್‌ನ ಪಿನ್‌ಗಳ ಮೇಲೆ. ಆಕ್ಸಿಲರೇಟರ್ ತಿರುಗಿಸಿದಾಗ, ಬಿಟ್ಟಾಗ ಮಾತ್ರ ಸದ್ದು ಬಂದರೆ ಬೈಕಿನ ಮುಂಭಾಗದಲ್ಲಿ ಹುಡುಕುವುದೇ ಬೇಡ: ಸಡಿಲ ಚೈನ್, ಹಿಂದಿನ ಹಬ್ ಒಳಗಿನ ರಬ್ಬರ್, ಸ್ವಿಂಗ್ ಆರ್ಮ್ ಬುಶ್, ಎಂಜಿನ್ ಫೌಂಡೇಶನ್ ಬೋಲ್ಟ್ ನೋಡಿ. ಸದ್ದು ಚಾಸಿ ಹಿಡಿದು ಓಡುವುದರಿಂದ ಕಿವಿಯೊಂದನ್ನೇ ನಂಬಬಾರದು.

ಕೋನ್ ಸೆಟ್ಟೇ ಎಂದಾದರೆ ಚಕ್ರ ಎತ್ತಿದ ಹಾಗೆಯೇ ಹ್ಯಾಂಡಲ್ ನಿಧಾನ ತಿರುಗಿಸಿ. ನೇರ ಬಂದಾಗ ಹಲ್ಲಿಗೆ ಕಚ್ಚಿದಂತೆ ನಿಲ್ಲುತ್ತದೆಯೇ? ಬೈಕ್ ಹೆಚ್ಚು ಹೊತ್ತು ನೇರವಾಗಿಯೇ ಓಡುತ್ತದೆ, ಹಾಗಾಗಿ ಬಾಲ್‌ಗಳು ತಾವು ಕೂತಿರುವ ರಿಂಗಿನ, ಅಂದರೆ ಕಪ್‌ನ, ಅದೇ ಜಾಗಕ್ಕೆ ಗುದ್ದಿ ಗುಳಿ ಮಾಡಿರುತ್ತವೆ. ಆಮೇಲೆ ನಟ್ ಬಿಗಿ ಮಾಡಿದರೆ ಸದ್ದು ಕೆಲ ಕಾಲ ಹೋಗಬಹುದು, ಗುಳಿ ಹೋಗುವುದಿಲ್ಲ.

ಟೇಪರ್‌ನ ನಿಜವಾದ ಲಾಭ ಇಲ್ಲಿದೆ. ಬಾಲ್ ಒಂದು ಬಿಂದುವಿನಲ್ಲಿ ಮಾತ್ರ ಕಪ್ಪನ್ನು ಮುಟ್ಟುತ್ತದೆ. ರೋಲರ್ ಉದ್ದಕ್ಕೂ ಕೂರುವುದರಿಂದ ಭಾರ ಹಂಚಿಹೋಗಿ ಗುಳಿ ಬೀಳುವುದು ತಡ. ರೋಲರ್‌ಗಳು ಅವನ್ನು ಹಿಡಿದಿಡುವ ಚೌಕಟ್ಟಿನಲ್ಲೇ (ಕೇಜ್) ಇರುವುದರಿಂದ ಜೋಡಿಸುವಾಗ ಬಿಡಿ ಬಾಲ್‌ಗಳನ್ನು ನೆಲದ ಮೇಲೆ ಹುಡುಕುವ ಫಜೀತಿಯೂ ಇಲ್ಲ.

ಕೊರತೆ ಇರುವುದು ಸೀಲ್‌ನಲ್ಲಿ. ಕೆಲವು ಕಿಟ್‌ಗಳಲ್ಲಿ ಕೆಳಗಿನ ಡಸ್ಟ್ ಸೀಲ್ ಇರುವುದೇ ಇಲ್ಲ. ಮುಂದಿನ ಚಕ್ರ ಎರಚುವ ನೀರು ಕೆಳಗಿನ ಬೇರಿಂಗ್‌ಗೇ ಬೀಳುತ್ತದೆ; ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡುವ ಬೈಕಿಗೆ ಸೀಲ್ ಇಲ್ಲದ ಟೇಪರ್‌ಗಿಂತ ಸೀಲ್ ಇರುವ ಕಂಪನಿ ಬಾಲ್ ಸೆಟ್ಟೇ ವಾಸಿ. ಎತ್ತರವನ್ನೂ ವರ್ನಿಯರ್‌ನಲ್ಲಿ ಅಳೆಯಿರಿ. ಟೇಪರ್ ಸೆಟ್ ದಪ್ಪವಾಗಿದ್ದರೆ ಮೇಲಿನ ನಟ್‌ಗೆ ಸಾಕಷ್ಟು ಥ್ರೆಡ್ ಸಿಗುವುದಿಲ್ಲ. ನಟ್ ಪೂರ್ತಿ ಹಿಡಿಯದಿದ್ದರೆ ಆ ಕಿಟ್ ವಾಪಸ್ ಕೊಡಿ. ಬೇರಿಂಗ್ ಸ್ಟ್ಯಾಂಡರ್ಡ್ ಅಳತೆಯದಾದರೆ ನಂಬರೇ ಅಳತೆ ಹೇಳುತ್ತದೆ: 32005 ಅಂದರೆ ಒಳವ್ಯಾಸ 25, ಹೊರವ್ಯಾಸ 47, ದಪ್ಪ 15 ಮಿ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಹಳೆಯ ಸೆಟ್ ಜೊತೆಯಲ್ಲಿ ಒಯ್ಯಲಿ. ಮಾಡೆಲ್ ಹೆಸರು ಒಂದೇ ಇದ್ದರೂ ವರ್ಷಕ್ಕೆ ತಕ್ಕಂತೆ ಅಳತೆ ಬದಲಾಗಿರಬಹುದು.

ಇನ್ನು ಫಿಟ್ಟಿಂಗ್. ‘ಟೇಪರ್ ಹಾಕಿಸಿದರೂ ಸದ್ದು ಬಂತು’ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ. ಡಬ್ಬಿಯಿಂದ ಬಂದಾಗ ಬೇರಿಂಗ್ ಮೇಲಿರುವುದು ತುಕ್ಕು ತಡೆಯುವ ಎಣ್ಣೆ, ಗ್ರೀಸ್ ಅಲ್ಲ. ಅಂಗೈಯಲ್ಲಿ ಲಿಥಿಯಂ ಗ್ರೀಸ್ ಇಟ್ಟುಕೊಂಡು ರೋಲರ್‌ಗಳ ಆಚೆ ಬದಿಯಿಂದ ಹೊರಬರುವವರೆಗೂ ಒತ್ತಿ ತುಂಬಿಸಬೇಕು. ಹೊಸ ಕಪ್‌ಗಳನ್ನು ಕೆಲವು ಗಂಟೆ ಫ್ರೀಜರ್‌ನಲ್ಲಿಟ್ಟರೆ ಕುಗ್ಗಿ ಸಲೀಸಾಗಿ ಇಳಿಯುತ್ತವೆ. ರೋಲರ್ ಓಡುವ ಮೈಗೆ ಮಾತ್ರ ಸುತ್ತಿಗೆ ತಾಗಬಾರದು. ಕಪ್ ಪೂರ್ತಿ ಕೂತಾಗ ಏಟಿನ ಸದ್ದೇ ಬದಲಾಗಿ ಗಟ್ಟಿಯಾಗಿ ಕೇಳುತ್ತದೆ. ಕೆಳಗಿನ ಬೇರಿಂಗನ್ನು ‘ಟಿ’ ಶಾಫ್ಟ್‌ಗೆ ಇಳಿಸುವ ಪೈಪ್ ಒಳಗಿನ ರಿಂಗನ್ನಷ್ಟೇ ಮುಟ್ಟಬೇಕು, ಕೇಜ್‌ಗೆ ತಾಗಿದರೆ ಬೇರಿಂಗ್ ಅಲ್ಲಿಗೇ ಮುಗಿಯಿತು. ಯಾವುದಾದರೂ ಒಂದು ಅರೆಬರೆ ಕೂತಿದ್ದರೂ ಓಡುತ್ತಾ ಓಡುತ್ತಾ ಇಳಿದು, ಆಟ ಬಂದು, ಮತ್ತೆ ‘ಕಟಕ್’.

ನಟ್ ಬಿಗಿಯುವ ಕ್ರಮವೂ ಬಾಲ್ ಸೆಟ್‌ನದ್ದಲ್ಲ. ಮೊದಲು ಚೆನ್ನಾಗಿ ಬಿಗಿದು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ಹಲವು ಸಲ ತಿರುಗಿಸಿ ರೋಲರ್‌ಗಳನ್ನು ಕೂರಿಸಬೇಕು. ಬಳಿಕ ಸಡಿಲಿಸಿ, ಆಟ ಹೋಗುವಷ್ಟಕ್ಕೆ ಮಾತ್ರ ಮತ್ತೆ ಬಿಗಿಯಬೇಕು. ಚಕ್ರ ಎತ್ತಿದ್ದಾಗ ಹ್ಯಾಂಡಲ್ ಮೆಲ್ಲಗೆ ತಟ್ಟಿದರೆ ಎರಡೂ ಕಡೆಗೆ ತಾನೇ ಸರಾಗವಾಗಿ ವಾಲಬೇಕು, ಕೇಬಲ್‌ಗಳು ಎಳೆಯುತ್ತಿಲ್ಲ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಅತಿಯಾಗಿ ಬಿಗಿದರೆ ನಿಧಾನ ವೇಗದಲ್ಲಿ ಬೈಕ್ ನೇರ ಹೋಗದೆ ಹೊಯ್ದಾಡುತ್ತದೆ. ಮೇಲಿನ ನಟ್ ಬಿಗಿದಾಗ ಒಳಗಿನ ಬಿಗಿತವೂ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ವಾಲಿಸಿ ನೋಡಬೇಕು. ಸುಮಾರು 500 ಕಿ.ಮೀ. ಓಡಿದ ಬಳಿಕ ಮತ್ತೊಮ್ಮೆ.

ಭಾರದ ಬೈಕ್, ಗುಂಡಿ ರಸ್ತೆ, ಮುಂದಿನ ಡಿಸ್ಕ್ ಬ್ರೇಕಿನ ಬಳಕೆ ಹೆಚ್ಚು ಎನ್ನುವವರಿಗೆ ಸೀಲ್ ಇರುವ ಟೇಪರ್ ಸೆಟ್ ಧಾರಾಳವಾಗಿ ಹೇಳಬಹುದು. ಪೇಟೆಯೊಳಗೆ ಓಡುವ 100 ಸಿಸಿ ಬೈಕಿಗೆ ಗ್ರೀಸ್ ತುಂಬಿ ಕೂರಿಸಿದ ಬಾಲ್ ಸೆಟ್ ಸಾಕು. ಎರಡಕ್ಕೂ ಮುಂಭಾಗ ಪೂರ್ತಿ ಬಿಚ್ಚಲೇಬೇಕಾದ್ದರಿಂದ ಕೆಲಸ ಹೆಚ್ಚುಕಡಿಮೆ ಒಂದೇ; ಆ ಹೊತ್ತಿಗೇ ಫೋರ್ಕ್ ಆಯಿಲ್ ಸೀಲ್ ಸೋರುತ್ತಿದೆಯಾ ಎಂದೂ ನೋಡಿಸಿಬಿಡಿ.