ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್: ನಿವೃತ್ತ ಪಿಚರ್‌ಗಳನ್ನು ಅಳೆಯೋಕೆ ಇದಕ್ಕಿಂತ ಒಳ್ಳೆ ಗೇಮ್ ನಾನು ಕಂಡಿಲ್ಲ

ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನೋ ಈ ಕಂಪ್ಯೂಟರ್ ಗೇಮ್‌ನಲ್ಲಿ ನೀವು ಚೆಂಡು ಎಸೆಯೋದಿಲ್ಲ, ಬ್ಯಾಟ್ ಬೀಸೋದಿಲ್ಲ. ತಂಡ ಕಟ್ಟಬೇಕು, ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಸೀಸನ್ ಓಡಿಸಬೇಕು, ಅಂಕಿಅಂಶ ಓದಬೇಕು. ಜರ್ಮನಿಯ ಮಾರ್ಕಸ್ ಹೈನ್‌ಸೋನ್ ಶುರು ಮಾಡಿದ ಗೇಮ್ ಇದು. 1999ರಿಂದ ಬರ್ತಾ ಇದೆ. ಅಮೆರಿಕದ ಮೇಜರ್ ಲೀಗ್ ಇಟ್ಟುಕೊಂಡೂ ಆಡಬಹುದು. ನನಗೆ ಮಾತ್ರ ಕಾಲ್ಪನಿಕ ಲೀಗೇ ಇಷ್ಟ. ಅಲ್ಲಿ ಆಟಗಾರರ ಹೆಸರು, ಮುಖ, ಊರು ಎಲ್ಲವನ್ನೂ ಗೇಮೇ ಹುಟ್ಟಿಸುತ್ತದೆ. ಒಂದಷ್ಟು ಸೀಸನ್ ಕಳೆದ ಮೇಲೆ ಆ ಲೀಗ್‌ಗೆ ತನ್ನದೇ ಚರಿತ್ರೆ ಬರುತ್ತದೆ. ಹಳಬರು ನಿವೃತ್ತರಾಗುತ್ತಾರೆ. ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಯಾರು ಹೋಗಬೇಕು ಅನ್ನೋ ಪ್ರಶ್ನೆ ಬರುತ್ತದೆ. ನಾನು ಈ ಗೇಮ್‌ಗೆ ದುಡ್ಡು ಕೊಡೋದೇ ಆ ಒಂದು ಪ್ರಶ್ನೆಗೋಸ್ಕರ.

ನಾವು ಸಿಯಾಟಲ್ ಸುತ್ತಮುತ್ತಲಿನ ಕೆಲವು ಗೆಳೆಯರು ಸೇರಿ ಒಂದು ಆನ್‌ಲೈನ್ ಲೀಗ್ ನಡೆಸುತ್ತೇವೆ. ಹಾಲ್ ಆಫ್ ಫೇಮ್ ಮತವನ್ನು ಗೇಮ್‌ಗೆ ಬಿಡದೆ ನಾವೇ ಹಾಕುತ್ತೇವೆ. ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿರೋ ನಿಜವಾದ ಹಾಲ್ ಆಫ್ ಫೇಮ್‌ನಲ್ಲಿರೋ ಹಾಗೆ ಶೇ. 75 ಮತ ಬೇಕು. ಬ್ಯಾಟರ್‌ಗಳ ವಿಷಯದಲ್ಲಿ ಜಗಳ ಕಡಿಮೆ. ಚೆಂಡು ಎಸೆಯುವ ಪಿಚರ್ ಬಂದ ಅಂದ್ರೆ ಸಾಕು, ಫೋನ್ ಮೇಲೆ ಫೋನ್.

ಜಗಳದ ಮೂಲ ಗೆಲುವಿನ ಲೆಕ್ಕ. ಕ್ರಿಕೆಟ್‌ನಲ್ಲಿ ಗೆಲುವನ್ನು ಯಾರೂ ಬೌಲರ್ ಹೆಸರಿಗೆ ಬರೆಯೋದಿಲ್ಲ, ಅಲ್ವಾ? ಬೇಸ್‌ಬಾಲ್‌ನಲ್ಲಿ ಬರೆಯುತ್ತಾರೆ. ಪಂದ್ಯ ಶುರು ಮಾಡಿದ ಪಿಚರ್ ಕಡಿಮೆ ಅಂದ್ರೂ ಐದು ಇನ್ನಿಂಗ್ಸ್ ಎಸೆದಿರಬೇಕು. ಅವನು ಇಳಿಯುವಾಗ ತಂಡ ಮುಂದಿರಬೇಕು, ಆ ಮುನ್ನಡೆ ಕೊನೆವರೆಗೂ ಉಳಿಯಬೇಕು. ಆಗ ಗೆಲುವು ಅವನ ಖಾತೆಗೆ. ಅವನು ಎಷ್ಟೇ ಚೆನ್ನಾಗಿ ಎಸೆದರೂ ತಂಡದವರು ರನ್ ಹೊಡೆಯದಿದ್ದರೆ ಸೊನ್ನೆ.

ಇದನ್ನು ನಾನು ಕಣ್ಣಾರೆ ನೋಡಿ ಕಲಿತೆ. ನನಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದವನು ಸಿಯಾಟಲ್ ಮ್ಯಾರಿನರ್ಸ್‌ನ ಫೆಲಿಕ್ಸ್ ಹೆರ್ನಾಂಡೆಜ್. 2010ರಲ್ಲಿ ಅವನ ಇಆರ್‌ಎ, ಅಂದ್ರೆ ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಕಳೆದು ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್, ಬರೀ 2.27. ಗೆಲುವು 13, ಸೋಲು 12! ಯಾಕಂದ್ರೆ ಆ ವರ್ಷ ಅವನ ತಂಡ ಇಡೀ ಸೀಸನ್‌ನಲ್ಲಿ ಹೊಡೆದದ್ದು 513 ರನ್. ಅಷ್ಟು ಕಡಿಮೆ ರನ್ ಲೀಗ್‌ನಲ್ಲಿ ಇನ್ಯಾವ ತಂಡದ್ದೂ ಇರಲಿಲ್ಲ. ಮತ ಹಾಕಿದ ಪತ್ರಕರ್ತರು ಗೆಲುವನ್ನು ಬದಿಗಿಟ್ಟು ಲೀಗ್‌ನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಅವನಿಗೇ ಕೊಟ್ಟರು. ಸರಿಯಾದ ತೀರ್ಪು.

ನಮ್ಮ ಲೀಗ್‌ನಲ್ಲೂ ಅಂಥವನೊಬ್ಬ ಈ ಸಲ ಪಟ್ಟಿಯಲ್ಲಿದ್ದಾನೆ. ಬಫಲೋ ತಂಡದ ಎಡಗೈ ಪಿಚರ್. 148 ಗೆಲುವು, 141 ಸೋಲು. "ಗುರು, 148 ಗೆಲುವಿಗೆಲ್ಲ ಹಾಲ್ ಆಫ್ ಫೇಮಾ?" ಅಂತ ಒಬ್ಬ ಗೆಳೆಯ ಕೇಳಿದ. ಅವನ ಕ್ಯಾಂಡಿಡೇಟ್ 238 ಗೆಲುವಿನವನು.

ಗೇಮ್‌ನ ಬೆಲೆ ಗೊತ್ತಾಗೋದೇ ಇಲ್ಲಿ. ಎಡಗೈಯವನ ಪುಟ ತೆಗೆದೆ. ಇಆರ್‌ಎ ಪ್ಲಸ್ 131. ಈ ಲೆಕ್ಕದಲ್ಲಿ 100 ಅಂದ್ರೆ ಲೀಗ್‌ನ ಸರಾಸರಿ, ಅದಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೇದು. ಮೈದಾನ ಎಂಥದ್ದು, ಆ ಕಾಲದಲ್ಲಿ ರನ್ ಎಷ್ಟು ಬರ್ತಿತ್ತು ಅನ್ನೋದೆಲ್ಲ ಇದರೊಳಗೆ ಸೇರಿರುತ್ತದೆ. 238 ಗೆಲುವಿನವನದ್ದು 104. ಆಮೇಲೆ ಬಫಲೋ ತಂಡದ ಹಳೆ ಸೀಸನ್‌ಗಳನ್ನು ಒಂದೊಂದಾಗಿ ತೆಗೆದೆ. ಅವನು ಜೋರಾಗಿದ್ದ ವರ್ಷಗಳಲ್ಲೇ ತಂಡ ಕೊನೆಯ ಸ್ಥಾನದಲ್ಲಿ ಬಿದ್ದಿತ್ತು. ಗಾಯಗಳ ಪಟ್ಟಿಯೂ ಇದೆ. 31ನೇ ವಯಸ್ಸಿಗೆ ಮೊಣಕೈ ಹರಿದು ಒಂದು ಸೀಸನ್ ಪೂರ್ತಿ ಹೋಗಿದೆ. ವಾಪಸ್ ಬಂದ ಮೇಲೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆಗೋದು) ಕಡಿಮೆಯಾಗಿವೆ, ಆದರೆ ಗುರಿ ತಪ್ಪಿ ಎಸೆದು ಬ್ಯಾಟರ್‌ಗೆ ಪುಕ್ಕಟೆ ಬೇಸ್ ಬಿಟ್ಟುಕೊಡೋದು, ಅಂದ್ರೆ ವಾಕ್, ಅದೂ ಕಡಿಮೆಯಾಗಿದೆ. ವೇಗ ಹೋದ ಮೇಲೆ ಹಿಡಿತದ ಮೇಲೆ ಬದುಕಿದವನು. ಇಷ್ಟೂ ಕಥೆ ಬರೀ ಅಂಕಿಗಳಲ್ಲಿ ಸಿಕ್ಕಿತು. ಒಬ್ಬ ಇಲ್ಲದ ಮನುಷ್ಯನ ಬಗ್ಗೆ ನನಗೆ ನಿಜಕ್ಕೂ ಗೌರವ ಹುಟ್ಟಿತು.

ಕಾಲ ಬೇರೆಯಾದರೆ ಬರೀ ಇಆರ್‌ಎ ಕೂಡ ದಾರಿ ತಪ್ಪಿಸುತ್ತದೆ. 1968ರಲ್ಲಿ ಬಾಬ್ ಗಿಬ್ಸನ್ ಇಆರ್‌ಎ 1.12. 2000ದಲ್ಲಿ ಪೆಡ್ರೊ ಮಾರ್ಟಿನೆಜ್ ಇಆರ್‌ಎ 1.74. ಗಿಬ್ಸನ್ನೇ ಮೇಲು ಅನ್ನಿಸುತ್ತದೆ. ಆದರೆ 1968 ಪಿಚರ್‌ಗಳ ವರ್ಷ. ಮುಂದಿನ ವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10ಕ್ಕೆ ತಗ್ಗಿಸಬೇಕಾಯಿತು. ಪೆಡ್ರೊ ಎಸೆದದ್ದು ಹೋಂ ರನ್ ಸುರಿಯುತ್ತಿದ್ದ ಕಾಲದಲ್ಲಿ. ಇಆರ್‌ಎ ಪ್ಲಸ್ ನೋಡಿದರೆ ಗಿಬ್ಸನ್ 258, ಪೆಡ್ರೊ 291. ಹಾಗಾಗಿ ನಿಮ್ಮ ಲೀಗ್‌ನಲ್ಲಿ ಬೇರೆ ಬೇರೆ ಕಾಲದ ಪಿಚರ್‌ಗಳಿದ್ದರೆ ಮೊದಲು ನೋಡಬೇಕಾದ್ದು ಇಆರ್‌ಎ ಪ್ಲಸ್ ಕಾಲಂ.

ಬಗೆಹರಿಯದ ಪ್ರಶ್ನೆ ಒಂದು ಉಳಿಯುತ್ತದೆ: ಸ್ವಲ್ಪ ಕಾಲ ಬೆಂಕಿಯಂತಿದ್ದವನು ದೊಡ್ಡವನೋ, ಬಹಳ ಕಾಲ ಬಾಳಿದವನು ದೊಡ್ಡವನೋ? ಸ್ಯಾಂಡಿ ಕೋಫ್ಯಾಕ್ಸ್ 165 ಗೆಲುವಿಗೆ, 30ನೇ ವಯಸ್ಸಿಗೆ ಕೈನೋವಿನಿಂದ ಆಟ ಬಿಟ್ಟ. 1972ರಲ್ಲಿ ಅವನನ್ನು ಗೌರವದಿಂದ ಹಾಲ್ ಆಫ್ ಫೇಮ್ ಒಳಗೆ ಕರೆದರು. ಎರಡು ಸೈ ಯಂಗ್ ಗೆದ್ದ ಯೋಹಾನ್ ಸಂಟಾನಾ 139 ಗೆಲುವಿನವನು. 2018ರಲ್ಲಿ ಅವನಿಗೆ ಶೇ. 5 ಮತವೂ ಬೀಳಲಿಲ್ಲ, ಮೊದಲ ವರ್ಷವೇ ಪಟ್ಟಿಯಿಂದ ಹೊರಗೆ. ಅದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಅದಕ್ಕೇ ನಮ್ಮ ಲೀಗ್‌ನಲ್ಲಿ ಹಾಗೆ ಹೊರಗೆ ಹಾಕುವ ನಿಯಮ ಬೇಡ ಅಂತ ಪಟ್ಟು ಹಿಡಿದೆ, ಎಲ್ಲರೂ ಒಪ್ಪಿದರು.

ಇನ್ನು ಕಷ್ಟದ ಮಾತು. ಮೆನುಗಳು ಜಾಸ್ತಿ, ಪರದೆ ತುಂಬ ಅಂಕಿ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಮೊದಲು ತಲೆ ಗಿರ್ ಅನ್ನುತ್ತದೆ. ಕಾರ್ಡ್ ಕೂಡಿಸುವ ಪರ್ಫೆಕ್ಟ್ ಟೀಮ್ ಅನ್ನೋ ಆಟವೂ ಒಳಗಿದೆ, ಅದರ ಕಡೆ ನಾನು ಹೋಗೋದಿಲ್ಲ. ಪ್ರತಿ ವರ್ಷ ಹೊಸ ಆವೃತ್ತಿ ಬರುತ್ತದೆ. ಕಾಲ್ಪನಿಕ ಲೀಗ್ ಆಡುವವರಿಗೆ ಹಳೇದೇ ಸಾಕು, ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ರಿಯಾಯಿತಿ ಬಂದಾಗ ತಗೊಳ್ಳಿ.

ಶುರು ಮಾಡುವಾಗ ಚಿಕ್ಕ ಲೀಗ್ ಇಟ್ಟುಕೊಳ್ಳಿ, ಎಂಟು ತಂಡ ಸಾಕು. ಕಮಿಷನರ್ ಮೋಡ್ ಆನ್ ಮಾಡಿ, ಆಗ ಹಾಲ್ ಆಫ್ ಫೇಮ್ ಬಾಗಿಲು ನಿಮ್ಮ ಕೈಯಲ್ಲಿರುತ್ತದೆ. ನಮ್ಮ ಮತದಾನ ಈ ಶನಿವಾರ. ಎಡಗೈಯವನಿಗೆ ಇನ್ನೂ ಎರಡು ಮತ ಬೇಕು, ಅವನ ಇಆರ್‌ಎ ಪ್ಲಸ್ ಪುಟವನ್ನು ಎಲ್ಲರಿಗೂ ಕಳಿಸಿದ್ದೇನೆ.