ಗುರಿ ಅಭ್ಯಾಸಕ್ಕೆ ಒಂದು ಪಾಯಿಂಟ್ 22 ಕೋವಿ: ಸಿಜೆಡ್ 457 ಅಮೆರಿಕನ್

ಕೋವಿ ಕೊಳ್ಳುವಾಗ ಎಲ್ಲರೂ ಕೋವಿಯ ಬೆಲೆ ಕೇಳುತ್ತಾರೆ. ನಾನು ಮೊದಲು ಲೆಕ್ಕ ಹಾಕಿದ್ದು ತೋಟಾದ ಬೆಲೆ. ಇಲ್ಲಿ ಓಹಾಯೋದಲ್ಲಿ ದೊಡ್ಡ ಕೋವಿಗಳ .308 ತೋಟಾ ಒಂದಕ್ಕೆ ಸುಮಾರು ಒಂದು ಡಾಲರ್, .223 ಅದರ ಅರ್ಧದಷ್ಟು. ಪಾಯಿಂಟ್ 22 ಲಾಂಗ್ ರೈಫಲ್ ಮಾತ್ರ ಹತ್ತು ಸೆಂಟಿನ ಆಸುಪಾಸಿನಲ್ಲಿ ಸಿಗುತ್ತದೆ. ಒಂದು ಬೆಳಗ್ಗೆ ನೂರು ಗುಂಡು ಹೊಡೆದರೂ ಹತ್ತು ಡಾಲರಿಗೆ ಮುಗಿಯುತ್ತದೆ. ಕೈ ಪಳಗಬೇಕಾದರೆ ವಾರವಾರವೂ ಹೊಡೆಯಬೇಕು, ವಾರವಾರವೂ ಹೊಡೆಯಬೇಕಾದರೆ ಇದೇ ದಾರಿ.

ವಿರಾಜಪೇಟೆ ಕಡೆಯ ನಮ್ಮ ಮನೆಯಲ್ಲಿ ಇದ್ದದ್ದು ಜೋಡುನಳಿಗೆ ಕೋವಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆ ಸಂಭ್ರಮಕ್ಕೆ ಸಾಟಿಯಿಲ್ಲ. ಆದರೆ ಕಾಯಿ ಒಡೆಯಿತೋ ಇಲ್ಲವೋ ಅಷ್ಟೇ ಅಲ್ಲಿ ಗೊತ್ತಾಗುವುದು. ಎಷ್ಟು ತಪ್ಪಿತು, ಯಾವ ಕಡೆ ತಪ್ಪಿತು ಎಂದು ಹೇಳುವುದು ಕಾಗದದ ಗುರಿ. ನನಗೆ ಆ ಉತ್ತರ ಬೇಕಿತ್ತು.

ಅಂಗಡಿಯಲ್ಲಿ ಮೊದಲು ಕೈಗಿಟ್ಟದ್ದು ರೂಗರ್ 10/22. 1964ರಿಂದ ಬರುತ್ತಿರುವ ಸೆಮಿ ಆಟೋಮ್ಯಾಟಿಕ್; ಹತ್ತು ತೋಟಾ ಹಿಡಿಯುವ ಅದರ ಸುತ್ತುವ ಮ್ಯಾಗಝೀನ್ ಅಚ್ಚುಕಟ್ಟಾಗಿ ಹೊಟ್ಟೆಯೊಳಗೇ ಕೂರುತ್ತದೆ. ಗಟ್ಟಿಮುಟ್ಟು, ಬಿಡಿಭಾಗ ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಕಡಿಮೆ. ಆದರೂ ನಾನು ಬೇಡವೆಂದೆ. ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಅದರ ಟ್ರಿಗರ್ ಭಾರ. ಕಲಿಯುವವರು ಅದನ್ನು ಎಳೆಯುವಷ್ಟರಲ್ಲಿ ಗುರಿ ಅಲುಗುತ್ತದೆ. ನಳಿಗೆಯನ್ನು ಬಾಯಿಯ ಕಡೆಯಿಂದಲೇ ಶುಚಿ ಮಾಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೆರಳು ಆಡಿಸಿದಷ್ಟೂ ಗುಂಡು ಹಾರುವ ಕೋವಿ ಆತುರ ಕಲಿಸುತ್ತದೆ.

ಕೊನೆಗೆ ನಾನು ಆರಿಸಿದ್ದು ಸಿಜೆಡ್ 457ರ ಅಮೆರಿಕನ್ ಎಂಬ ಮಾಡೆಲ್. 457 ಚೆಕ್ ದೇಶದ ಉಹೆರ್ಸ್ಕಿ ಬ್ರೋದ್ ಊರಿನಲ್ಲಿ ತಯಾರಾಗುತ್ತದೆ, 2019ರಲ್ಲಿ ಅದೇ ಕಂಪನಿಯ 455ರ ಜಾಗಕ್ಕೆ ಬಂತು. ಬೋಲ್ಟ್ ಆಕ್ಷನ್. ಪ್ರತಿ ಗುಂಡಿಗೂ ಕೈ ಎತ್ತಿ, ಬೋಲ್ಟ್ ಎಳೆದು, ತಳ್ಳಿ, ಕೆನ್ನೆಯನ್ನು ಮತ್ತೆ ಮರಕ್ಕೆ ಒತ್ತಿ, ಉಸಿರು ಸರಿಮಾಡಿಕೊಳ್ಳಬೇಕು. ಈ ನಿಧಾನವೇ ನನಗೆ ಬೇಕಾಗಿದ್ದದ್ದು. ಬೋಲ್ಟಿನ ಹಿಡಿಯನ್ನು 60 ಡಿಗ್ರಿ ಎತ್ತಿದರೆ ಸಾಕು, ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ತಗ್ಗಿನಲ್ಲಿ ಕೂತಿದ್ದರೂ ಗೆಣ್ಣು ತಾಗುವುದಿಲ್ಲ. ಟ್ರಿಗರಿನ ಭಾರವನ್ನು ನಾವೇ ತಿರುಪು ತಿರುಗಿಸಿ ಹೊಂದಿಸಿಕೊಳ್ಳಬಹುದು. ಬೋಲ್ಟ್ ಪೂರ್ತಿ ಹೊರಬರುವುದರಿಂದ ಹಿಂದಿನಿಂದಲೇ ರಾಡ್ ಹಾಕಿ ನಳಿಗೆ ಒರೆಸಬಹುದು. ವಾಲ್‌ನಟ್ ಮರದ ಹಿಡಿ ಕೈಗೆ ಬಂದಾಗ ಊರಿನ ಕೋವಿಯ ನೆನಪಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಕೊರತೆಗಳೂ ಇವೆ. ಅಮೆರಿಕನ್ ಮಾಡೆಲಿನಲ್ಲಿ ಬರಿಗಣ್ಣಿನಿಂದ ಗುರಿ ನೋಡಲು ನಳಿಗೆಯ ಮೇಲಿರುವ ಸೈಟ್ ಇಲ್ಲವೇ ಇಲ್ಲ. ಸ್ಕೋಪ್, ಅದನ್ನು ಕೋವಿಯ ಮೇಲಿನ 11 ಮಿ.ಮೀ. ಗಾಡಿಗೆ (ಡವ್‌ಟೇಲ್) ಬಿಗಿಯುವ ರಿಂಗು, ಎಲ್ಲಾ ಬೇರೆ ಕೊಳ್ಳಬೇಕು. ಸಾಮಾನ್ಯವಾಗಿ ಸಿಗುವ ವೀವರ್ ಮಾದರಿಯ ರಿಂಗು ಇದಕ್ಕೆ ಕೂರುವುದಿಲ್ಲ. ಮ್ಯಾಗಝೀನಿನಲ್ಲಿ ಐದೇ ತೋಟಾ. ಹಳೆಯ 452, 455 ಹೊಡೆದು ರೂಢಿಯಿದ್ದವರು ಸೇಫ್ಟಿಯನ್ನು, ಅಂದರೆ ಗುಂಡು ಹಾರದಂತೆ ತಡೆಯುವ ಕೀಲನ್ನು, ಹೊಸದಾಗಿ ಕಲಿಯಬೇಕು: ಅವುಗಳಲ್ಲಿ ಅದನ್ನು ಹಿಂದಕ್ಕೆ ಎಳೆದರೆ ಕೋವಿ ಹೊಡೆಯಲು ಸಿದ್ಧವಾಗುತ್ತಿತ್ತು, ಇದರಲ್ಲಿ ಸಿದ್ಧವಾಗಲು ಮುಂದಕ್ಕೆ ತಳ್ಳಬೇಕು. ಮನೆಯಲ್ಲಿ ಎರಡೂ ಇದ್ದರೆ ಇದು ಸಣ್ಣ ವಿಷಯವಲ್ಲ.

ಇನ್ನು ತೋಟಾ. ಪಾಯಿಂಟ್ 22ರಲ್ಲಿ ಸಿಡಿಮದ್ದು ತೋಟಾದ ಬುಡದ ಅಂಚಿನೊಳಗೇ ತೆಳುವಾಗಿ ಹರಡಿರುತ್ತದೆ, ಪಿನ್ನು ಆ ಅಂಚನ್ನೇ ಜಜ್ಜುತ್ತದೆ; ಅದಕ್ಕೇ ರಿಮ್‌ಫೈರ್ ಎಂಬ ಹೆಸರು. ಅಗ್ಗ ಆಗಿರುವುದೂ ಇದರಿಂದಲೇ, ಮತ್ತೆ ತುಂಬಿಸಲಾಗದ್ದೂ ಇದರಿಂದಲೇ. ಮದ್ದು ಸರಿಯಾಗಿ ಹರಡದಿದ್ದರೆ ಠುಸ್ ಆಗುತ್ತದೆ. ಡಬ್ಬಿಗಟ್ಟಲೆ ಸುರಿದು ಮಾರುವ ಅಗ್ಗದ ತೋಟಾದಲ್ಲಿ ನನಗೆ ಇದು ಹೆಚ್ಚು ಆಗಿದೆ. ಹಾಗಾದಾಗ ನಳಿಗೆಯನ್ನು ಗುರಿಯ ಕಡೆಯೇ ಇಟ್ಟು ಮೂವತ್ತು ಸೆಕೆಂಡು ಕಾದು ಆಮೇಲೆ ಬೋಲ್ಟ್ ತೆರೆಯಬೇಕು. ಸೀಸದ ಗುಂಡಿನ ಮೇಲೆ ಮೇಣದ ಪದರ ಇರುತ್ತದೆ, ಬೆರಳಿಗೆ ಜಿಡ್ಡುಜಿಡ್ಡು ಹತ್ತುತ್ತದೆ. ಬಿಡಿ ತೋಟಾ ಜೇಬಿಗೆ ಹಾಕಿಕೊಂಡರೆ ಜೇಬಿನ ಧೂಳೆಲ್ಲ ಅದಕ್ಕೆ ಮೆತ್ತಿ ನೇರ ನಳಿಗೆಯೊಳಕ್ಕೆ ಹೋಗುತ್ತದೆ. ಪೆಟ್ಟಿಗೆಯಿಂದಲೇ ತೆಗೆದು ತುಂಬಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನನ್ನ ಕೋವಿಗೆ ಒಗ್ಗಿದ್ದು ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ. ಸೆಕೆಂಡಿಗೆ 1,070 ಅಡಿ ವೇಗ, ಅಂದರೆ ಶಬ್ದದ ವೇಗಕ್ಕಿಂತ ಕೆಳಗೆ. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಆ ವೇಗಕ್ಕೆ ಇಳಿಯುವಾಗ ಅಲುಗಾಡುತ್ತದೆ. ಇದು ಮೊದಲಿನಿಂದಲೂ ಶಾಂತವಾಗಿ ಹೋಗುತ್ತದೆ. ಗಾಳಿಯಿಲ್ಲದ ಬೆಳಗ್ಗೆ 50 ಗಜಕ್ಕೆ ಐದು ಗುಂಡುಗಳ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತವೆ. ನಿಮ್ಮ ಕೋವಿಗೆ ಬೇರೆಯೇ ತೋಟಾ ಒಗ್ಗಬಹುದು. ಅದೇ ಮಾಡೆಲಿನ ಎರಡು ಕೋವಿಗಳೂ ಒಂದೇ ತೋಟಾ ಕೇಳುವುದಿಲ್ಲ. ಮೂರು ನಾಲ್ಕು ಕಂಪನಿಯ ಒಂದೊಂದು ಪೆಟ್ಟಿಗೆ ತಂದು ಹೊಡೆದು ನೋಡಿ, ಒಗ್ಗಿದ್ದನ್ನು ಒಟ್ಟಿಗೆ ಕೊಳ್ಳಿ.

ಸ್ಪರ್ಧೆಯ ಆಸೆಯಿದ್ದರೆ ಮೊದಲೇ ನಿಯಮ ಓದಿಕೊಳ್ಳಿ. ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಯಲ್ಲಿ ಕೋವಿ ಏಳೂವರೆ ಪೌಂಡ್ ಮೀರಬಾರದು, ಟ್ರಿಗರ್ ಮೂರು ಪೌಂಡಿಗಿಂತ ಹಗುರ ಇರಬಾರದು. ದಪ್ಪ ನಳಿಗೆಯ 457 ವಾರ್ಮಿಂಟ್ ಸ್ಕೋಪ್ ಸೇರಿದರೆ ಆ ತೂಕ ದಾಟುತ್ತದೆ. ತೆಳು ನಳಿಗೆಯ ಅಮೆರಿಕನ್ ಆರಿಸಿದ್ದಕ್ಕೆ ನನಗೆ ಇದೂ ಒಂದು ಕಾರಣ.

ಹೊಸದಾಗಿ ಬಂದ ನಮ್ಮವರಿಗೆ ಒಂದು ಮಾತು: ಎಚ್-1ಬಿಯಂಥ ವೀಸಾದಲ್ಲಿ ಇರುವವರಿಗೆ ಇಲ್ಲಿ ಕೋವಿ ಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ, ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಮಾತ್ರ ಇವೆ. ಗ್ರೀನ್ ಕಾರ್ಡ್ ಬಂದವರು ಅಂಗಡಿಯಲ್ಲಿ ಕೋವಿ ಕೊಳ್ಳುವಾಗ ತುಂಬಬೇಕಾದ 4473 ಎಂಬ ಸರ್ಕಾರಿ ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ಕೊಳ್ಳಬಹುದು. ಮಕ್ಕಳಿಗೆ ಕಲಿಸುವ ಇರಾದೆಯಿದ್ದರೆ ಇದೇ ಸಾಲಿನ 457 ಸ್ಕೌಟ್ ನೋಡಿ. ಟ್ರಿಗರಿನಿಂದ ಹೆಗಲಿಗೆ ಒತ್ತುವ ಹಿಡಿಯ ತುದಿಯವರೆಗೆ 12 ಇಂಚು, ಪುಟ್ಟ ಕೈಗೆ ಟ್ರಿಗರ್ ಎಟುಕುತ್ತದೆ. ಒಂದೊಂದೇ ತೋಟಾ ಹಾಕುವ ಅಡಾಪ್ಟರೂ ಜೊತೆಗೆ ಬರುತ್ತದೆ. ನನ್ನ ಮಗಳು ಈಗ ಅದರಲ್ಲೇ ಹೊಡೆಯುತ್ತಿದ್ದಾಳೆ.